ಊರ ಕೆರೆಗೆ ಹ್ಯಾಕಥಾನ್: ಒಂದು ರಾತ್ರಿಯದ್ದು ಸಾಕೇ, ಒಂದು ಬೇಸಿಗೆ ಬೇಕೇ?

"ನಮ್ಮೂರ ಕೆರೆ ಬಗ್ಗೆ ಒಂದು ಹ್ಯಾಕಥಾನ್ ಮಾಡೋಣ ಅಂತಿದ್ದೀವಿ" ಎನ್ನುವವರು ಈಗ ಜಾಸ್ತಿಯಾಗಿದ್ದಾರೆ. ಎಂಜಿನಿಯರಿಂಗ್ ಕಾಲೇಜಿನವರು, ಬಡಾವಣೆ ಸಂಘದವರು, ಕೆಲವು ಕಡೆ ಪಂಚಾಯಿತಿಯವರೂ ಇದ್ದಾರೆ. ಹ್ಯಾಕಥಾನ್ ಅಂದರೆ ತಂಡಗಳು ಸೇರಿ, ಗೊತ್ತಾದ ಗಡುವಿನೊಳಗೆ ಒಂದು ಸಮಸ್ಯೆಗೆ ಪರಿಹಾರ ಹುಡುಕುವ ಕೂಟ. ಹಾಲ್, ಊಟ, ಟೀ ಶರ್ಟು, ಬ್ಯಾನರ್ ಎಲ್ಲಕ್ಕೂ ಪಟ್ಟಿ ಸಿದ್ಧವಾಗಿರುತ್ತದೆ. ಯಾವ ಬಗೆಯ ಹ್ಯಾಕಥಾನ್ ಎಂದು ಕೇಳಿದರೆ ಮಾತ್ರ ಎಲ್ಲರ ಉತ್ತರ ಒಂದೇ: 36 ಗಂಟೆ, ರಾತ್ರಿಯೆಲ್ಲ ಎಚ್ಚರ, ಕೊನೆಗೆ ದೊಡ್ಡ ಚೆಕ್ ಹಿಡಿದುಕೊಂಡು ಒಂದು ಫೋಟೊ.

ಬೇರೆ ಬಗೆಗಳೂ ಇವೆ. ಯಾವುದನ್ನು ಆರಿಸುತ್ತೀರಿ ಎನ್ನುವುದರ ಮೇಲೆ ಯಾರು ಬರುತ್ತಾರೆ ಎನ್ನುವುದು ಗೊತ್ತಾಗಿಬಿಡುತ್ತದೆ. ರಾತ್ರಿ ಕೂರಬೇಕು ಅಂದರೆ 20 ವರ್ಷದ ಹುಡುಗರು ಬರುತ್ತಾರೆ. ಕೆರೆಯ ನೀರು ಬಿಡುವ ಕೆಲಸ ನೋಡಿಕೊಳ್ಳುತ್ತಿದ್ದ, 65 ದಾಟಿದ ನೀರುಗಂಟಿ ಬರುವುದಿಲ್ಲ. ಹೈಸ್ಕೂಲ್ ಹುಡುಗಿಯನ್ನು ಮನೆಯವರು ಕಳಿಸುವುದಿಲ್ಲ. ಬೆಳಗಿನ ಜಾವ ಕೆಲಸಕ್ಕೆ ಇಳಿಯುವ ಪೌರಕಾರ್ಮಿಕರನ್ನಂತೂ ಕೇಳಲೇಬೇಡಿ. ಊರಿನ ನೀರು, ಕಸ, ಮರದ ವಿಷಯದಲ್ಲಿ ಅರ್ಧಕ್ಕರ್ಧ ತಿಳಿವಳಿಕೆ ಇರುವುದು ಹೀಗೆ ಬರಲಾಗದವರ ಹತ್ತಿರವೇ. ಹಾಗಾಗಿ ಕೆಳಗಿನ ಹೋಲಿಕೆಯಲ್ಲಿ ನಾನು ಮೊದಲು ನೋಡುವುದು ಹಣವನ್ನಲ್ಲ, ವೇಳೆಯನ್ನು.

36 ಗಂಟೆಯದ್ದು

ಈ ಪದ್ಧತಿ ಹುಟ್ಟಿದ್ದು ಸಾಫ್ಟ್‌ವೇರಿನವರಲ್ಲಿ. 1999ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಓಪನ್‌ಬಿಎಸ್‌ಡಿ ಎಂಬ ಕಂಪ್ಯೂಟರ್ ಆಪರೇಟಿಂಗ್ ಸಿಸ್ಟಂ ಬರೆಯುವ ಹತ್ತು ಜನ ಒಂದೆಡೆ ಕೂತು ಕೋಡ್ ಬರೆದರು. ಹತ್ತೂ ಜನರಿಗೆ ಕೆಲಸ ಗೊತ್ತಿತ್ತು, ಬೇಕಾದ ಸಾಮಾನೆಲ್ಲ ಕಂಪ್ಯೂಟರಿನೊಳಗೇ ಇತ್ತು. ಅಂಥ ಕೆಲಸಕ್ಕೆ ಒಂದೇ ಉಸಿರಿಗೆ ಕೂರುವುದು ಸರಿ.

ನಮ್ಮಲ್ಲಿ ಇದರ ದೊಡ್ಡ ರೂಪ 2017ರಲ್ಲಿ ಶುರುವಾದ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್. ಕೇಂದ್ರದ ಇಲಾಖೆಗಳು ಸಮಸ್ಯೆ ಕೊಡುತ್ತವೆ, ವಿದ್ಯಾರ್ಥಿಗಳು ಪರಿಹಾರ ತರುತ್ತಾರೆ. ಸಾಫ್ಟ್‌ವೇರ್ ವಿಭಾಗದ ಅಂತಿಮ ಸುತ್ತು 36 ಗಂಟೆ. ತಂಡದಲ್ಲಿ ಆರು ಜನ, ಅವರಲ್ಲಿ ಕನಿಷ್ಠ ಒಬ್ಬ ವಿದ್ಯಾರ್ಥಿನಿ ಇರಬೇಕು, ಎಲ್ಲರೂ ಒಂದೇ ಕಾಲೇಜಿನವರಾಗಿರಬೇಕು. ಬೇರೆ ಬೇರೆ ಬ್ರಾಂಚಿನವರು ಸೇರಬಹುದು. ಅಂದರೆ ವಿಷಯಗಳು ಬೆರೆಯುತ್ತವೆ, ವಯಸ್ಸು ಬೆರೆಯುವುದಿಲ್ಲ. ಇದು ಅದರ ತಪ್ಪಲ್ಲ. ವಿದ್ಯಾರ್ಥಿಗಳಿಗೆ ಅಂತಲೇ ಮಾಡಿದ್ದು. ಊರ ಕೆರೆಗೆ ಅದೇ ನಿಯಮಗಳನ್ನು ನಕಲು ಮಾಡುವುದು ಮಾತ್ರ ನಮ್ಮ ತಪ್ಪು.

2012ರಿಂದ ನಡೆಯುತ್ತಿರುವ ನಾಸಾ ಸ್ಪೇಸ್ ಆಪ್ಸ್ ಚಾಲೆಂಜ್ ಸ್ವಲ್ಪ ಬೇರೆ. ಎರಡು ದಿನ, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿರುತ್ತದೆ, ಉಪಗ್ರಹದ ಮಾಹಿತಿ ಪುಕ್ಕಟೆ. ಹತ್ತು ವರ್ಷದಲ್ಲಿ ನಿಮ್ಮೂರ ಕೆರೆಯ ನೀರಿನ ಹರವು ಎಷ್ಟು ಕುಗ್ಗಿದೆ ಎಂದು ಚಿತ್ರ ಜೋಡಿಸಿ ತೋರಿಸುವುದು ಎರಡು ದಿನದಲ್ಲಿ ಆಗುವ ಕೆಲಸವೇ. ರಾತ್ರಿ ಯಾವ ಟ್ರಾಕ್ಟರ್ ಬಂದು ಏರಿಯ ಪಕ್ಕ ಕಟ್ಟಡದ ಅವಶೇಷ ಸುರಿದು ಹೋಗುತ್ತದೆ ಎನ್ನುವುದು ಆ ಚಿತ್ರದಲ್ಲಿ ಕಾಣುವುದಿಲ್ಲ. ಅದು ಎದುರುಗಡೆ ಟೀ ಅಂಗಡಿಯವರಿಗೆ ಗೊತ್ತು.

ಮಾಹಿತಿ ಮೊದಲೇ ಕೈಯಲ್ಲಿದ್ದು, ಕೆಲಸ ಚಿಕ್ಕದಾಗಿದ್ದು, ಆಮೇಲೆ ಅದನ್ನು ನಡೆಸಿಕೊಂಡು ಹೋಗುವವರು ಇದ್ದರೆ 36 ಗಂಟೆಯದ್ದನ್ನು ಆರಿಸಿ. ನಗರಸಭೆಗೆ ಬಂದ ಕಸದ ದೂರುಗಳನ್ನು ಬೀದಿವಾರು ವಿಂಗಡಿಸುವುದು, ಗಾಡಿಯ ದಾರಿಯನ್ನು ನಕ್ಷೆಗೆ ಹಾಕುವುದು, ಇಂಥವು. "ಕೆರೆ ಉಳಿಸಿ" ಅಂತ ಬೋರ್ಡಿನ ಮೇಲೆ ಬರೆದು ಹುಡುಗರನ್ನು ಕೂರಿಸಿದರೆ ಬೆಳಿಗ್ಗೆ ಸಿಗುವುದು ಆ್ಯಪು. ಅದಕ್ಕೆ ಸೋಮವಾರ ಲಾಗಿನ್ ಆಗುವವರು ಯಾರು? ಈ ಪ್ರಶ್ನೆಗೆ ಒಂದು ಹೆಸರು ಹೇಳಲು ಆಗದಿದ್ದರೆ ಬೇರೆ ಬಗೆ ನೋಡಿ.

ಒಂದು ಹಗಲು, ಕೆರೆ ಏರಿ ಮೇಲೆ

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಖರ್ಚು ಕಡಿಮೆ, ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲರೂ ಬರಬಹುದು, ಸಂಜೆಗೆ ಎಲ್ಲರೂ ಮನೆ ಸೇರಬಹುದು.

ಬೆಳಿಗ್ಗೆ ಆರೂವರೆಗೆ ಶುರು ಮಾಡಿ, ಬಿಸಿಲು ಏರುವ ಮುಂಚೆ ನಡೆದು ಮುಗಿಸಿ. ಮುಂದೆ ನಡೆಯುವವರು ಊರಿನ ಹಿರಿಯರಾಗಿರಲಿ, ನೀರುಗಂಟಿ ಮನೆತನದವರು ಸಿಕ್ಕರೆ ಇನ್ನೂ ಒಳ್ಳೆಯದು. ತೂಬು ಎಲ್ಲಿದೆ, ಕೋಡಿ ಯಾವ ವರ್ಷ ಬಿದ್ದಿತ್ತು, ನೀರು ಬರುತ್ತಿದ್ದ ಕಾಲುವೆ ಈಗ ಯಾರ ಕಾಂಪೌಂಡಿನ ಒಳಗಿದೆ, ಕೊನೆಯ ಸಲ ಹೂಳು ತೆಗೆದದ್ದು ಯಾವಾಗ. ಎಂಜಿನಿಯರಿಂಗ್ ಹುಡುಗರು ಇದನ್ನೆಲ್ಲ ಫೋನಿನ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಲಿ. ಅವರಿಗೆ ಇಳಿಜಾರಿನ ಲೆಕ್ಕ ಗೊತ್ತು, ಇವರಿಗೆ ಮಳೆಗಾಲದಲ್ಲಿ ನೀರು ನಿಜವಾಗಿ ಎಲ್ಲಿ ಹರಿಯುತ್ತದೆ ಅಂತ ಗೊತ್ತು. ಎರಡೂ ಹೊಂದಿಕೆಯಾಗದ ಜಾಗದಲ್ಲೇ ಸಾಮಾನ್ಯವಾಗಿ ಸಮಸ್ಯೆ ಇರುತ್ತದೆ.

ಏರಿಯ ಬದಿಯಲ್ಲಿ ಹೆಂಗಸರು ಬೇರೆಯದನ್ನೇ ನೋಡುತ್ತಾರೆ. ಹೊನಗೊನ್ನೆ, ಒಂದೆಲಗ, ಬೆರಕೆ ಸೊಪ್ಪಿನ ಹತ್ತಾರು ಬಗೆ. ಯಾವುದು ಮೊದಲಿತ್ತು, ಯಾವುದು ಈಗ ಕಾಣುವುದೇ ಇಲ್ಲ ಎಂದು ಅವರು ಹೇಳಿದ್ದನ್ನು ಬಾಟನಿ ಓದುವ ಹುಡುಗಿ ಬರೆದುಕೊಂಡರೆ ಅದಕ್ಕೆ ಸೇರಬೇಕಾದ ಜಾಗವೂ ಸಿದ್ಧ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ಸಮಿತಿ ಇರಬೇಕು, ಅದು ಜನತಾ ದಾಖಲೆಯೊಂದನ್ನು ಬರೆದಿಡಬೇಕು.

ಮಧ್ಯಾಹ್ನ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಕೂತು ಲೆಕ್ಕ ಹಾಕಿ. ಲೆಕ್ಕ ಸುಲಭವಾಗಿರಲಿ, ಹತ್ತನೇ ಕ್ಲಾಸಿನವರು ಬೋರ್ಡಿನ ಮೇಲೆ ಮಾಡಿ ತೋರಿಸುವಷ್ಟು. ಉದಾಹರಣೆಗೆ ಬೆಂಗಳೂರಿನ ಒಂದು 30×40 ಅಡಿ ಸೈಟು ಅಂದರೆ ಸುಮಾರು 111 ಚದರ ಮೀಟರ್. ವರ್ಷದ ಮಳೆ ಸುಮಾರು 970 ಮಿ.ಮೀ. ಗುಣಿಸಿದರೆ ಒಂದು ಲಕ್ಷ ಲೀಟರಿಗೂ ಜಾಸ್ತಿ. 6000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 17–18 ಟ್ಯಾಂಕರ್. 2024ರ ಮಾರ್ಚಿನ ನೀರಿನ ಬರದಲ್ಲಿ ಟ್ಯಾಂಕರಿಗೆ ಕಾದು ಕೂತಿದ್ದವರಿಗೆ ಈ ಅಂಕಿ ಯಾವ ಭಾಷಣಕ್ಕಿಂತ ಚೆನ್ನಾಗಿ ನಾಟುತ್ತದೆ.

ಒಂದು ಹಗಲಿಗೆ ಮಿತಿಯೂ ಇದೆ. ಸಂಜೆ ಸಿಗುವುದು ಪರಿಹಾರ ಅಲ್ಲ, ಸರಿಯಾದ ಪ್ರಶ್ನೆ. "ಕೆರೆ ಕೊಳಕಾಗಿದೆ" ಅಂತ ಬೆಳಿಗ್ಗೆ ಬಂದವರು "ಈ ಎರಡು ಮೋರಿಗಳ ನಡುವೆ ಎಷ್ಟು ಮನೆಗಳ ಕೊಳಚೆ ಕಾಲುವೆಗೆ ಸೇರುತ್ತಿದೆ" ಎಂದು ಕೇಳುತ್ತ ಹೋದರೆ ದಿನ ಸಾರ್ಥಕ. ಇದನ್ನೇ ದೊಡ್ಡ ಸಾಧನೆ ಅಂತ ಒಪ್ಪಿಕೊಳ್ಳಲು ಪ್ರಾಯೋಜಕರು ತಯಾರಿರುವುದಿಲ್ಲ, ಅದು ಬೇರೆ ಮಾತು.

ಒಂದು ಬೇಸಿಗೆಯದ್ದು

ಇಲ್ಲಿ ಹೋಲಿಕೆಗೆ ಪಕ್ಕದ ಮಹಾರಾಷ್ಟ್ರ ನೋಡಬೇಕು. ಆಮಿರ್ ಖಾನ್, ಕಿರಣ್ ರಾವ್ ಕಟ್ಟಿದ ಪಾನಿ ಫೌಂಡೇಶನ್ 2016ರಲ್ಲಿ ಹಳ್ಳಿಗಳ ನಡುವೆ ವಾಟರ್ ಕಪ್ ಸ್ಪರ್ಧೆ ಇಟ್ಟಿತು. ಮೊದಲ ವರ್ಷ 3 ತಾಲ್ಲೂಕು, 116 ಹಳ್ಳಿ, 45 ದಿನ. ಊರಿನ ಗಂಡಸರು ಹೆಂಗಸರು ಕೆಲವರಿಗೆ ಮೊದಲು ತರಬೇತಿ. ಆಮೇಲೆ ಊರಿಗೆ ಊರೇ ಇಳಿಜಾರಿಗೆ ಅಡ್ಡವಾಗಿ ಕಂದಕ ತೋಡುವುದು, ಬದು ಹಾಕುವುದು, ಹಳ್ಳಕ್ಕೆ ತಡೆ ಕಟ್ಟುವುದು. ಸಾತಾರಾ ಜಿಲ್ಲೆಯ ವೇಳು ಎಂಬ ಹಳ್ಳಿ ಮೊದಲ ಕಪ್ ಗೆದ್ದಿತು, 50 ಲಕ್ಷ ರೂಪಾಯಿ ಬಹುಮಾನ. 2018ರ ಹೊತ್ತಿಗೆ ಸ್ಪರ್ಧೆ 75 ತಾಲ್ಲೂಕುಗಳಿಗೆ ಹರಡಿತ್ತು.

ಹ್ಯಾಕಥಾನ್ ಅಂತ ಅದನ್ನು ಯಾರೂ ಕರೆಯಲಿಲ್ಲ. ಆದರೆ ಒಳಗಿನ ರಚನೆ ಅದೇ: ಒಂದು ಸಮಸ್ಯೆ, ಗೊತ್ತಾದ ಗಡುವು, ತಂಡಗಳು, ಅಂಕ. ವ್ಯತ್ಯಾಸ ಏನೆಂದರೆ ತಂಡ ಅಂದರೆ ಇಡೀ ಊರು. ಗಡುವು ಮಳೆ. ಜೂನ್‌ನಲ್ಲಿ ಮೋಡ ಬಂದಾಗ ಯಾರ ಕಂದಕದಲ್ಲಿ ನೀರು ನಿಂತಿತು ಎನ್ನುವುದನ್ನು ಯಾವ ತೀರ್ಪುಗಾರರೂ ಹೇಳಬೇಕಾಗಿಲ್ಲ.

ಇದರ ಕಷ್ಟಗಳನ್ನೂ ಹೇಳಬೇಕು. ಆ ಪ್ರಮಾಣದಲ್ಲಿ ಮಾಡಲು ಸಂಸ್ಥೆ ಬೇಕು, ಸಿಬ್ಬಂದಿ ಬೇಕು, ಹಣ ಬೇಕು. ಬೇಸಿಗೆಯ ಕೂಲಿ ಬಿಟ್ಟು ಶ್ರಮದಾನಕ್ಕೆ ಬರುವುದು ಭೂಮಿ ಇರುವವರಿಗೂ ಇಲ್ಲದವರಿಗೂ ಒಂದೇ ಅಲ್ಲ. ನೀರು ನಿಂತ ಮೇಲೆ ಯಾವ ಬೆಳೆ ಬೆಳೆಯುತ್ತೀರಿ ಎನ್ನುವ ಪ್ರಶ್ನೆಯೂ ಏಳುತ್ತದೆ. ಅದೇ ಸಂಸ್ಥೆ 2022ರಲ್ಲಿ ರೈತರ ಗುಂಪು ಬೇಸಾಯಕ್ಕೆ ಫಾರ್ಮರ್ ಕಪ್ ಶುರು ಮಾಡಿತು.

ನಿಮ್ಮ ಬಡಾವಣೆಗೋ ಪುಟ್ಟ ಪಟ್ಟಣಕ್ಕೋ ಇಷ್ಟು ಬೇಡ. ಫೆಬ್ರುವರಿಯಿಂದ ಮೇ ತನಕ ಎರಡು ವಾರಕ್ಕೊಂದು ಭಾನುವಾರ ಸೇರಿದರೂ ಸಾಕು. ಮೊದಲ ಭೇಟಿ ಕೆರೆ ಏರಿಯ ನಡಿಗೆ. ನಂತರದ್ದು ಅಳತೆ. ಆಮೇಲೆ ಒಂದು ಚಿಕ್ಕ ಪ್ರಯೋಗ, ಅದು ಕೆಟ್ಟರೆ ಸರಿ ಮಾಡಲು ಇನ್ನೊಂದು ಭಾನುವಾರ. ರಾತ್ರಿಯ ಹ್ಯಾಕಥಾನಿನಲ್ಲಿ ಸಿಗದೇ ಇರುವುದು ಈ ಕೊನೆಯದ್ದೇ. ಅಲ್ಲಿ ಕೆಟ್ಟುಹೋದದ್ದು ಡೆಮೊ ಹೊತ್ತಿಗೆ ಮುಚ್ಚಿಹೋಗುತ್ತದೆ.

ಬೆಂಗಳೂರಿನ ಬಾವಿ ಕೆಲಸ ಇದಕ್ಕೆ ಒಳ್ಳೆಯ ಮಾದರಿ. ನೀರಿನ ಕೆಲಸ ಮಾಡುವ ಬಯೋಮ್ ಟ್ರಸ್ಟಿನವರು ಹತ್ತು ಲಕ್ಷ ಇಂಗುಬಾವಿಗಳ (ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿ) ಗುರಿ ಇಟ್ಟುಕೊಂಡು ಕೆಲಸ ಶುರು ಮಾಡಿದಾಗ ಅದರ ನಡುವೆ ಇದ್ದವರು ತಲೆಮಾರುಗಳಿಂದ ಬಾವಿ ತೋಡುವ ಮಣ್ಣುವಡ್ಡರ ಸಮುದಾಯದವರು. ಕಬ್ಬನ್ ಪಾರ್ಕಿನ ಹಳೆಯ ತೆರೆದ ಬಾವಿಗಳ ಹೂಳೆತ್ತಿ ಮತ್ತೆ ನೀರು ಕಾಣಿಸಿದವರೂ ಇವರೇ. ಸಾಮಾನ್ಯವಾಗಿ 20ರಿಂದ 30 ಅಡಿ ಆಳಕ್ಕೆ ಸಿಮೆಂಟ್ ರಿಂಗ್ ಇಳಿಸಿ ಬಾವಿ ಮಾಡುತ್ತಾರೆ. ಎಲ್ಲಿ ತೋಡಿದರೆ ನೀರು ಇಂಗುತ್ತದೆ, ಎಲ್ಲಿ ಸುಮ್ನೆ ನಿಂತು ಸೊಳ್ಳೆ ಆಗುತ್ತದೆ ಎಂದು ಮಣ್ಣು ಮುಟ್ಟಿ ಹೇಳುತ್ತಾರೆ. ಸಿವಿಲ್ ಓದುವ ವಿದ್ಯಾರ್ಥಿ, ಜಲಮಂಡಳಿಯಿಂದ ನಿವೃತ್ತರಾದ ಎಂಜಿನಿಯರ್, ಮನೆಯ ಸಂಪು ಮತ್ತು ಟ್ಯಾಂಕರ್ ಲೆಕ್ಕ ನೋಡಿಕೊಳ್ಳುವ ಗೃಹಿಣಿ, ಬಾವಿ ತೋಡುವವರು: ಈ ನಾಲ್ಕು ಜನ ಒಂದೇ ಮೇಜಿಗೆ ಬಂದರೆ ಕೆಲಸ ಸಾಗುತ್ತದೆ. ಅದಕ್ಕೆ ಒಂದು ರಾತ್ರಿ ಸಾಲದು. ಮೊದಲ ಭಾನುವಾರ ಇವರು ಒಬ್ಬರಿಗೊಬ್ಬರು ಸರಿಯಾಗಿ ಮಾತೇ ಆಡಿರುವುದಿಲ್ಲ.

ಕೈಗೆ ಕೆಲಸ ಕೊಡುವವು

ಸಮಸ್ಯೆ ಯಂತ್ರದ್ದೋ ವಸ್ತುವಿನದ್ದೋ ಆಗಿದ್ದರೆ ಹ್ಯಾಕಥಾನ್ ಬಿಟ್ಟು ಬೇರೆಯದನ್ನೇ ಯೋಚಿಸಿ. ಪುತ್ತೂರಿನ ವಿವೇಕಾನಂದ ಕಾಲೇಜಿನ ಆವರಣದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಜೊತೆಗೂಡಿ ನಡೆದ ಕೃಷಿ ಯಂತ್ರಮೇಳಗಳು ನನಗೆ ಯಾವ ಹ್ಯಾಕಥಾನಿಗಿಂತ ಹತ್ತಿರ ಅನಿಸುತ್ತವೆ. ಅಡಿಕೆ ಸುಲಿಯಲು, ಮರ ಹತ್ತಲು, ದೋಟಿಯಲ್ಲಿ ಗೊನೆ ಇಳಿಸಲು, ಮದ್ದು ಬಿಡಲು ಯಂತ್ರ. ಜನ ಸಿಗದ ತೋಟದಲ್ಲಿ ಏನಾದರೂ ಮಾಡಲೇಬೇಕಾದ ಕೃಷಿಕರು ತಾವೇ ಕಟ್ಟಿಕೊಂಡದ್ದೂ ಅಲ್ಲಿಗೆ ಬರುತ್ತದೆ, ಕಂಪನಿ ತಂದದ್ದೂ ಬರುತ್ತದೆ. ಹಿರಿಯ ಕೃಷಿಕರು "ಇದರ ಭಾರ ಎಷ್ಟು, ಕೈ ನೋಯಲ್ವಾ?" ಅಂತ ಒಂದು ಪ್ರಶ್ನೆ ಕೇಳಿದರೆ ಹುಡುಗರ ಅರ್ಧ ವರ್ಷದ ವಿನ್ಯಾಸ ಮತ್ತೆ ಮೊದಲಿಂದ ಶುರು ಆಗಬೇಕಾಗುತ್ತದೆ.

ಪಟ್ಟಣದಲ್ಲಿ ಇದಕ್ಕೆ ಸರಿಸಮ ರಿಪೇರಿ ಕೆಫೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾದದ್ದು, ಬೆಂಗಳೂರಿಗೆ 2015ರಲ್ಲಿ ಬಂತು. ಕೆಟ್ಟ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕೊಡೆ, ಜಿಪ್ ಹೋದ ಬ್ಯಾಗು ತಂದು, ಗೊತ್ತಿರುವವರ ಪಕ್ಕ ಕೂತು ಸರಿ ಮಾಡಿಕೊಳ್ಳುವುದು. ತಲೆಮಾರು ಬೆರೆಯಬೇಕು ಎನ್ನುವುದೇ ನಿಮ್ಮ ಮುಖ್ಯ ಆಸೆಯಾಗಿದ್ದರೆ ಇದಕ್ಕಿಂತ ಸುಲಭ ದಾರಿ ನನಗೆ ಗೊತ್ತಿಲ್ಲ. ಸ್ಕ್ರೂಡ್ರೈವರ್ ಹಿಡಿಯಲು ಬರುವ ತಾತನಿಗೆ ಅಲ್ಲಿ ಯಾರೂ ಪಿಪಿಟಿ ಕೇಳುವುದಿಲ್ಲ.

ಆನ್‌ಲೈನ್ ಹ್ಯಾಕಥಾನ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಊರು ಬಿಟ್ಟು ಹೋದವರು, ಹೊರದೇಶದಲ್ಲಿ ಇರುವವರು ನೆರವಾಗಲು ಅದು ಸರಿ. ನಕ್ಷೆ ತಿದ್ದುವುದು, ಹಳೆಯ ದಾಖಲೆ ಟೈಪ್ ಮಾಡುವುದು, ಮಾಹಿತಿ ಜೋಡಿಸುವುದು ಅವರಿಗೆ ಕೊಡಿ. ಊರಿನ ಸಮಸ್ಯೆಗೆ ಬರೀ ಆನ್‌ಲೈನಿನಲ್ಲೇ ಮಾಡುವುದು ಬೇಡ.

ಯಾವುದನ್ನೇ ಆರಿಸಿ, ಇವಿಷ್ಟು ನೋಡಿಕೊಳ್ಳಿ

ಭಾಷೆ. ಅರ್ಜಿ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅರ್ಧ ಜನ ಅಲ್ಲೇ ನಿಲ್ಲುತ್ತಾರೆ. ಕೊನೆಯ ಮಂಡನೆ ಕನ್ನಡದಲ್ಲಿ, ಸ್ಲೈಡ್ ಇಲ್ಲದೆ, ಐದು ನಿಮಿಷ. ತುಳು, ಉರ್ದು, ತೆಲುಗು ನಡೆಯುವ ಊರಾದರೆ ಅದೂ ಇರಲಿ.

ಕೂಲಿ. ಇದನ್ನು ಬಹಳ ಜನ ಮರೆಯುತ್ತಾರೆ. ವಿದ್ಯಾರ್ಥಿಗೆ ಭಾನುವಾರ ಬಂದರೆ ಸರ್ಟಿಫಿಕೇಟು ಸಿಗುತ್ತದೆ. ಬಾವಿ ತೋಡುವವರಿಗೆ, ಕಸ ಆಯುವವರಿಗೆ ಆ ದಿನದ ದುಡಿಮೆ ಹೋಗುತ್ತದೆ. ಟೀ ಶರ್ಟಿನ ಹಣವನ್ನು ತೆಗೆದು ಅವರ ದಿನಗೂಲಿಗೆ ಇಡಿ. ಅವರು ಅಲ್ಲಿಗೆ ಬರುವುದು ಪರಿಣತರಾಗಿ. ಪರಿಣತರಿಗೆ ಕೊಡುವ ಗೌರವಧನವನ್ನು ಅವರಿಗೂ ಕೊಡಬೇಕು, ಅಲ್ವಾ?

ತಂಡ. ಬಂದವರು ತಾವಾಗಿ ಗುಂಪಾದರೆ ಸ್ನೇಹಿತರು ಸ್ನೇಹಿತರ ಜೊತೆ ಕೂರುತ್ತಾರೆ. ಪ್ರತಿ ತಂಡದಲ್ಲಿ 18ಕ್ಕಿಂತ ಚಿಕ್ಕವರು ಒಬ್ಬರು, 60 ದಾಟಿದವರು ಒಬ್ಬರು, ಆ ಸಮಸ್ಯೆಯ ಜೊತೆ ದಿನಾ ಏಗುವವರು ಒಬ್ಬರು ಇರಲೇಬೇಕು ಅಂತ ಮೊದಲೇ ನಿಯಮ ಮಾಡಿ. ಹಿರಿಯರು ಸಲಹೆಗಾರರಾಗಿ ಬಂದು ಕುರ್ಚಿಯಲ್ಲಿ ಕೂರುವುದು ಬೇಡ, ತಂಡದ ಒಳಗೇ ಇರಲಿ. ಸಲಹೆಗಾರರ ಕುರ್ಚಿ ಸಿಕ್ಕಿದರೆ ಭಾಷಣ ಶುರುವಾಗುತ್ತದೆ.

ಬಹುಮಾನ. ಒಬ್ಬರಿಗೆ 50 ಸಾವಿರ ಕೊಡುವ ಬದಲು ಐದು ತಂಡಕ್ಕೆ ತಲಾ ಹತ್ತು ಸಾವಿರ, ಅದೂ ಪ್ರಯೋಗದ ಖರ್ಚಿಗೆ, ಬಿಲ್ ತೋರಿಸಿ. ಆ್ಯಪ್ ಇಲ್ಲದ ಉತ್ತರಕ್ಕೂ ಅಂಕ ಸಿಗಬೇಕು. ಮದುವೆ ಮಂಟಪದ ಕಸಕ್ಕೆ ಬೆಂಗಳೂರಿನಲ್ಲಿ ಕೆಲವರು ಕಂಡುಕೊಂಡ ಉತ್ತರ ಪ್ಲೇಟ್ ಬ್ಯಾಂಕ್. ಮದುವೆಯವರು ಅಲ್ಲಿಂದ ಸ್ಟೀಲ್ ತಟ್ಟೆ ಲೋಟ ಒಯ್ಯುತ್ತಾರೆ, ತೊಳೆದು ತಂದು ಕೊಡುತ್ತಾರೆ. ಇದು ಯಾವ ಹ್ಯಾಕಥಾನಿನಲ್ಲಿ ಗೆಲ್ಲುತ್ತಿತ್ತು ಹೇಳಿ!

ಇನ್ನು ಕಾಗದ ಪತ್ರ. ಕೆರೆ ಯಾರದ್ದು ಅಂತ ಮೊದಲು ತಿಳಿಯಿರಿ. ರಾಜ್ಯದಲ್ಲಿ ಸಾಮಾನ್ಯವಾಗಿ 40 ಹೆಕ್ಟೇರಿಗಿಂತ ಜಾಸ್ತಿ ಅಚ್ಚುಕಟ್ಟು (ಕೆರೆಯ ನೀರು ಹಾಯುವ ಜಮೀನು) ಇರುವ ಕೆರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ, ಅದಕ್ಕಿಂತ ಚಿಕ್ಕವು ಪಂಚಾಯಿತಿ ವ್ಯವಸ್ಥೆಗೆ. ಪಟ್ಟಣದೊಳಗಿನದಾದರೆ ನಗರಸಭೆ. ಆ ಕಚೇರಿಯಿಂದ ಒಬ್ಬ ಎಂಜಿನಿಯರ್ ಮೊದಲ ದಿನದಿಂದಲೇ ತಂಡದಲ್ಲಿರಲಿ. ಉದ್ಘಾಟನೆಗೆ ದೀಪ ಹಚ್ಚಿ ಹೋಗುವ ಅಧಿಕಾರಿಗಿಂತ ಮೂರು ಭಾನುವಾರ ಬಂದು ಕೂರುವ ಕಿರಿಯ ಎಂಜಿನಿಯರ್ ಮೇಲು. ಹಳ್ಳಿಯಾದರೆ ಇನ್ನೊಂದು ಅನುಕೂಲ ಇದೆ. ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು ಎಂಬ ನಿಯಮ ಕರ್ನಾಟಕದಲ್ಲಿ ಇದೆ. ತಂಡದ ಮಕ್ಕಳು ತಮ್ಮ ಅಳತೆ, ನಕ್ಷೆಗಳನ್ನು ಅಲ್ಲಿ ಇಟ್ಟು ಕೇಳಿದರೆ ಉತ್ತರ ನಡಾವಳಿ ಪುಸ್ತಕಕ್ಕೆ ಸೇರುತ್ತದೆ.

ಕೊನೆಗೆ ಯಾವುದು?

ನೀವು ಕಾಲೇಜಿನವರು, ನಗರಸಭೆ ಮಾಹಿತಿ ಕೊಡಲು ಒಪ್ಪಿದೆ, ಕೆಲಸ ಸಾಫ್ಟ್‌ವೇರಿನದ್ದು. 36 ಗಂಟೆಯದ್ದು ಮಾಡಿ, ಆದರೆ ಅದಕ್ಕೂ ಎರಡು ವಾರ ಮೊದಲು ತಂಡಗಳನ್ನು ಕಸದ ಗಾಡಿಯ ಜೊತೆ ಒಂದು ಬೆಳಿಗ್ಗೆ ಕಳಿಸಿ.

ಬಡಾವಣೆ ಸಂಘದವರು, ಕೈಯಲ್ಲಿ ಇಪ್ಪತ್ತು ಸಾವಿರ, ಒಬ್ಬರಿಗೊಬ್ಬರು ಅಷ್ಟಾಗಿ ಪರಿಚಯವಿಲ್ಲ. ಒಂದು ಹಗಲು ಸಾಕು. ಇಲ್ಲವೇ ರಿಪೇರಿ ಕೆಫೆಯಿಂದ ಶುರು ಮಾಡಿ.

ಪಂಚಾಯಿತಿ ಜೊತೆಗಿದೆ, ಶಾಲೆ ಜೊತೆಗಿದೆ, ಸಮಸ್ಯೆ ನೀರಿನದ್ದು. ಒಂದು ಬೇಸಿಗೆ ಕೊಡಿ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ದಿನಾಂಕ ಗೊತ್ತು ಮಾಡುವಾಗ ಊರಿನ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಳ್ಳಿ. ಬಯಲುಸೀಮೆಯಲ್ಲಿ ಹೂಳು ಕಾಣುವುದು ಮಾರ್ಚಿನಿಂದ ಮೇವರೆಗೆ, ಆದರೆ ಮಾರ್ಚ್, ಏಪ್ರಿಲ್ ಶುರು ಅಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತು, ಮಕ್ಕಳು ಸಿಗುವುದಿಲ್ಲ. ನಡಿಗೆ ಮತ್ತು ಅಳತೆಯನ್ನು ಫೆಬ್ರುವರಿಯಲ್ಲೇ ಮುಗಿಸಿ, ಮಣ್ಣಿನ ಕೆಲಸವನ್ನು ಏಪ್ರಿಲ್ ಕೊನೆಗೆ ಇಟ್ಟುಕೊಂಡರೆ ಸರಿಹೋಗುತ್ತದೆ. ಕರಾವಳಿಯಲ್ಲಿ ತೋಡಿಗೆ, ಅಂದರೆ ಹಳ್ಳಕ್ಕೆ, ಕಟ್ಟ (ಮಣ್ಣು-ಕಲ್ಲಿನ ತಡೆ) ಹಾಕುವುದು ಮಳೆ ನಿಂತು ಹರಿವು ಇಳಿಯುವ ನವೆಂಬರ್–ಡಿಸೆಂಬರಿನಲ್ಲಿ, ಅಲ್ಲಿ ಬೇಸಿಗೆಗೆ ಕಾದರೆ ತಡೆಯಲು ನೀರೇ ಇರುವುದಿಲ್ಲ. ಯಾವ ಸೀಮೆಯಾದರೂ ಇಲಾಖೆಗೆ ಪತ್ರ ಕೊಡುವುದನ್ನು ಎರಡು ತಿಂಗಳು ಮುಂಚೆಯೇ ಮಾಡಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.